ಎರಡು ಸೆನ್ಸರ್ ತಿಂದ ಎಂಜಿನ್: ಒಂದು ಆಕ್ಸಿಜನ್ ಸೆನ್ಸರ್ ಪ್ರಕರಣ

2024ರ ಡಿಸೆಂಬರ್ ಮೊದಲ ವಾರ ಸಕಲೇಶಪುರದ ನಿವೃತ್ತ ಮೇಷ್ಟ್ರೊಬ್ಬರು ಹಾಸನದ ನನ್ನ ಗ್ಯಾರೇಜಿಗೆ ಗಾಡಿ ತಂದರು. 2014ರ ಮಾಡೆಲ್, 1.2 ಲೀಟರ್ ಪೆಟ್ರೋಲ್, ಓಡಿದ್ದು 86,000 ಕಿಲೋಮೀಟರ್. ಚೆಕ್ ಲೈಟ್ ಉರಿಯುತ್ತಿತ್ತು. ಇಳಿದವರೇ, ‘ಏನಪ್ಪಾ, ನಾಲ್ಕು ತಿಂಗಳ ಹಿಂದೆ ಸೆನ್ಸರ್ ಹಾಕಿಸಿದೀನಿ. ಈಗ ಮತ್ತೆ ಅದೇ ಸೆನ್ಸರ್ ಹೋಗಿದೆ ಅಂತಾರೆ. ಡೂಪ್ಲಿಕೇಟ್ ಹಾಕಿಬಿಟ್ರಾ ಅಂತ ನೋಡು’ ಅಂದರು.

ಸೈಲೆನ್ಸರ್ ಪೈಪಿನ ಬಾಯಿಗೆ ಬೆರಳು ಹಾಕಿ ತೆಗೆದೆ. ಕಾಡಿಗೆ ಹಚ್ಚಿದ ಹಾಗೆ ಮಸಿ ಬಂತು. ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅನ್ನುವುದಕ್ಕೆ ಅದೇ ಮೊದಲ ಗುರುತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನೆಟ್ಟಗಿರುತ್ತದೆ, ಅವರು ಇಳಿದು ಗೇಟ್ ಹಾಕಿ ಬರುವಷ್ಟರಲ್ಲಿ ಐಡ್ಲಿಂಗ್ ಮೇಲೆ ಕೆಳಗೆ ಆಡಲು ಶುರುವಾಗುತ್ತದೆ, ಬಾಳ್ಳುಪೇಟೆ ಕಡೆಯ ಏರಿನಲ್ಲಿ ನಾಲ್ಕನೇ ಗೇರ್ ಎಳೆಯದೆ ಮೂರಕ್ಕೆ ಇಳಿಸಬೇಕಾಗುತ್ತದೆ ಎಂದರು. ‘ಗೇಟ್ ಹಾಕಿ ಬರುವಷ್ಟರಲ್ಲಿ’ ಅನ್ನುವ ಮಾತನ್ನು ನಾನು ಬರೆದಿಟ್ಟುಕೊಂಡೆ. ತಣ್ಣಗಿರುವಾಗ ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಹೇಳುವ ಆಕ್ಸಿಜನ್ ಸೆನ್ಸರಿನ ಮಾತು ಕೇಳುವುದಿಲ್ಲ. ತನ್ನೊಳಗಿನ ಲೆಕ್ಕದ ಮೇಲೆ ಪೆಟ್ರೋಲ್ ಬಿಡುತ್ತದೆ. ಸೆನ್ಸರ್ ಕಾದ ಮೇಲೆ ಅದರ ಮಾತಿನಂತೆ ನಡೆಯಲು ತೊಡಗುತ್ತದೆ. ತೊಂದರೆ ಶುರುವಾಗುವುದು ಆ ಗಳಿಗೆಯಲ್ಲೇ ಆದರೆ ಅನುಮಾನ ಸೆನ್ಸರಿನ ಕಡೆ ತಿರುಗುವುದು ಸಹಜ.

ಆಮೇಲೆ ಮೇಷ್ಟ್ರು ಡ್ಯಾಶ್‌ಬೋರ್ಡಿನಿಂದ ಒಂದು ಪುಟ್ಟ ಡೈರಿ ತೆಗೆದರು. ನೀಲಿ ಶಾಯಿ, ದುಂಡಗಿನ ಅಕ್ಷರ. ಹಾಕಿಸಿದ ಪ್ರತಿ ಟ್ಯಾಂಕಿನ ಲೀಟರು, ಕಿಲೋಮೀಟರು, ಮೈಲೇಜು, ಜೊತೆಗೆ ಗಾಡಿಗೆ ಮಾಡಿಸಿದ ಪ್ರತಿ ಕೆಲಸ. ಇಪ್ಪತ್ತು ವರ್ಷದ ಕೆಲಸದಲ್ಲಿ ಗಿರಾಕಿಯೊಬ್ಬರು ನನ್ನ ಕೈಗೆ ಕೊಟ್ಟ ಅತಿ ಬೆಲೆಬಾಳುವ ವಸ್ತು ಅದು. ಬೇಕಾದ ಸಾಲುಗಳನ್ನಷ್ಟೇ ಇಲ್ಲಿ ಕೊಡುತ್ತೇನೆ (ಟ್ಯಾಪೆಟ್ ಕವರ್ ಅಂದರೆ ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ):

ಮೇ: 17.0
ಜೂನ್ 8: ಆಯಿಲ್ ಲೀಕ್, ಟ್ಯಾಪೆಟ್ ಕವರ್ ಬಿಚ್ಚಿ ಹಾಕಿಸಿದ್ದು
ಜೂನ್ ಕೊನೆ: 16.3
ಜುಲೈ: 14.6, ಚೆಕ್ ಲೈಟ್
ಆಗಸ್ಟ್ 12: ಸೆನ್ಸರ್ ಬದಲು
ಆಗಸ್ಟ್ ಕೊನೆ: 16.9
ಸೆಪ್ಟೆಂಬರ್ 21: ಮತ್ತೆ ಆಯಿಲ್ ಜಿನುಗು, ಕವರ್‌ಗೆ ಗಮ್
ಅಕ್ಟೋಬರ್: 15.4
ನವೆಂಬರ್: 14.1, ಚೆಕ್ ಲೈಟ್

ಈ ಒಂಬತ್ತು ಸಾಲನ್ನು ಆವತ್ತೇ ಸರಿಯಾಗಿ ಓದಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು. ಆಗ ನನ್ನ ಕಣ್ಣು ಮೈಲೇಜಿನ ಅಂಕಿಗಳ ಮೇಲಷ್ಟೇ ಇತ್ತು.

ಮೇಷ್ಟ್ರಿಗೆ ಇನ್ನೊಂದು ಅನುಮಾನವಿತ್ತು. ‘ಎಲ್ಲ ಈ ಇ-20 ಪೆಟ್ರೋಲಿನ ಕಾಟ ಅಂತಾರಲ್ಲ?’ 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಆ ಪೆಟ್ರೋಲ್ ಬಿಡುಗಡೆಯಾದಾಗಿನಿಂದ ನನ್ನ ಗ್ಯಾರೇಜಿಗೆ ಬರುವ ಹತ್ತರಲ್ಲಿ ಆರು ಮಂದಿ ಇದನ್ನೇ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಎಥನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿನ ಸುಮಾರು ಮೂರನೇ ಎರಡು ಪಾಲು ಶಕ್ತಿ ಮಾತ್ರ ಇರುತ್ತದೆ. ನೂರಕ್ಕೆ ಇಪ್ಪತ್ತು ಬೆರೆಸಿದರೆ ಲೀಟರಿನ ಒಟ್ಟು ಶಕ್ತಿ ಶೇಕಡ 6ರಿಂದ 7ರಷ್ಟು ಕಡಿಮೆ. ಗಾಳಿ ಮತ್ತು ಇಂಧನದ ಲೆಕ್ಕವೂ ಬದಲಾಗುತ್ತದೆ: ಬರೀ ಪೆಟ್ರೋಲಿಗೆ 1 ಕಿಲೋ ಇಂಧನಕ್ಕೆ 14.7 ಕಿಲೋ ಗಾಳಿ ಬೇಕು, ಇ-20ಕ್ಕೆ ಸುಮಾರು 13.5 ಸಾಕು. ಹಾಗಾಗಿ ಹಳೆಯ ಗಾಡಿಯ ಇಸಿಯು ಸ್ವಲ್ಪ ಜಾಸ್ತಿ ಇಂಧನ ಬಿಡಲೇಬೇಕು. ಆದರೆ ಹದಿನೇಳು ಹದಿನಾಲ್ಕಾಗುವುದೆಂದರೆ ಶೇಕಡ 17ರ ಇಳಿತ. ಅದಕ್ಕಿಂತ ಮುಖ್ಯವಾದದ್ದು, ಮೇಷ್ಟ್ರು ಹಾಕಿಸುವುದು ಯಾವಾಗಲೂ ಒಂದೇ ಬಂಕಿನಲ್ಲಿ. ಪೆಟ್ರೋಲೇ ಕಾರಣವಾಗಿದ್ದರೆ ಆಗಸ್ಟಿನಲ್ಲಿ ಸೆನ್ಸರ್ ಬದಲಿಸಿದ ಕೂಡಲೇ 16.9 ಬರುತ್ತಿರಲಿಲ್ಲ. ಡೈರಿ ತೋರಿಸಿ ಇದನ್ನು ಹೇಳಿದಾಗ ಅವರು ತಲೆಯಾಡಿಸಿದರು.

ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಒಂದೇ: ಪಿ0133. ಮುಂದಿನ ಆಕ್ಸಿಜನ್ ಸೆನ್ಸರಿನ ಪ್ರತಿಕ್ರಿಯೆ ನಿಧಾನ ಎಂದು ಅರ್ಥ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕೋಡ್‌ನಲ್ಲಿ ಸೆನ್ಸರಿನ ಹೆಸರಿದೆ ಎಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಇಸಿಯು ತಾನು ಕಂಡದ್ದನ್ನು ಹೇಳುತ್ತದೆ, ಅಷ್ಟೇ. ಮುಂದಿನ ಸೈಲೆನ್ಸರ್ ಪೈಪಿನಲ್ಲಿ ಬಿರುಕಿದ್ದರೂ, ವೈರಿನಲ್ಲಿ ತುಕ್ಕಿದ್ದರೂ, ಹೀಟರಿಗೆ ಕರೆಂಟ್ ಹೋಗದಿದ್ದರೂ ಆಪಾದನೆ ಬರುವುದು ಸೆನ್ಸರಿನ ಮೇಲೆಯೇ. ಕೋಡ್ ಓದಿ ಪಾರ್ಟ್ ಬದಲಿಸುವ ಅಭ್ಯಾಸದಿಂದ ಎಷ್ಟು ಜನರ ದುಡ್ಡು ಹೋಗಿದೆಯೋ ನೆನೆಸಿಕೊಂಡರೆ ನನಗೆ ನೋವಾಗುತ್ತದೆ.

ಕೋಡ್ ಬಿಟ್ಟು ಲೈವ್ ಡೇಟಾ ನೋಡಿದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಪ್ಲಸ್ 15. ಅಂದರೆ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಶೇಕಡ 15ರಷ್ಟು ಹೆಚ್ಚು ಪೆಟ್ರೋಲ್ ಬಿಡುತ್ತಿದೆ. ಯಾಕೆ? ಮುಂದಿನ ಸೆನ್ಸರ್ ‘ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು’ ಎಂದು ದೂರುತ್ತಿರುವುದರಿಂದ. ಆದರೆ ಪೈಪಿನ ಬಾಯಲ್ಲಿ ಮಸಿಯಿದೆ. ಈ ಎರಡು ಒಂದಕ್ಕೊಂದು ಹೊಂದುವುದಿಲ್ಲ. ಈ ಗಾಡಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದೆ ಇನ್ನೊಂದು ಸೆನ್ಸರ್ ಇದೆ. ಅದು 0.8 ವೋಲ್ಟಿನ ಆಸುಪಾಸಿನಲ್ಲಿ ಕದಲದೆ ನಿಂತಿತ್ತು. ಹಿಂದಿನವನ ಪ್ರಕಾರ ಪೆಟ್ರೋಲ್ ಜಾಸ್ತಿ, ಮುಂದಿನವನ ಪ್ರಕಾರ ಕಡಿಮೆ. ಒಬ್ಬ ಸುಳ್ಳು ಹೇಳುತ್ತಿದ್ದಾನೆ.

ಮೂರನೇ ಸಾಕ್ಷಿ ಬೇಕಿತ್ತು. ನಮ್ಮ ರಸ್ತೆಯ ಕೊನೆಯಲ್ಲೇ ಎಮಿಷನ್ ಟೆಸ್ಟ್ ಮಾಡುವವರಿದ್ದಾರೆ, ಗಾಡಿ ಅಲ್ಲಿಗೆ ಒಯ್ದೆ. ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡ 2.4. ಬಿಎಸ್-4 ಗಾಡಿಗೆ ಮಿತಿ 0.3. 2,500 ಆರ್‌ಪಿಎಂನಲ್ಲಿ ಲ್ಯಾಂಬ್ಡಾ, ಅಂದರೆ ಬೇಕಾದ ಗಾಳಿಗೆ ಹೋಲಿಸಿದರೆ ಸಿಕ್ಕ ಗಾಳಿಯ ಅಳತೆ, 0.92, ಇರಬೇಕಾದ್ದು 0.97ರಿಂದ 1.03ರ ನಡುವೆ. ಒಂದಕ್ಕಿಂತ ಕಡಿಮೆಯೆಂದರೆ ಪೆಟ್ರೋಲ್ ಜಾಸ್ತಿ. ಎಂಜಿನ್ನಿಗೆ ನಿಜಕ್ಕೂ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಮುಂದಿನ ಸೆನ್ಸರಿನ ದೂರು ಸುಳ್ಳು ಎನ್ನುವುದು ಇಲ್ಲಿಗೆ ಖಚಿತವಾಯಿತು. ಇನ್‌ಟೇಕ್ ಕಡೆ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ಎಲ್ಲೋ ಹೊರಗಿನ ಗಾಳಿ ಎಳೆಯುತ್ತಿದೆ ಅನ್ನುವ ಸಾಧ್ಯತೆಯೂ ಇದರಿಂದ ಬಿದ್ದುಹೋಯಿತು. ಹಾಗಿದ್ದಿದ್ದರೆ ಟ್ರಿಮ್ ಪ್ಲಸ್ ಇರುತ್ತಿತ್ತು, ಆದರೆ ಇಸಿಯು ಸರಿದೂಗಿಸಿದ ಮೇಲೆ ಹೊಗೆ ಸರಿಯಿರುತ್ತಿತ್ತು.

ಸುಳ್ಳು ಹೇಳುವುದು ಸೆನ್ಸರೋ, ಅಥವಾ ಸೆನ್ಸರಿಗೇ ಯಾರಾದರೂ ಸುಳ್ಳು ತೋರಿಸುತ್ತಿದ್ದಾರೋ? ಸೆನ್ಸರಿಗಿಂತ ಮುಂದೆ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ, ಹೊಗೆ ಹೊರಗೆ ಹೋಗುವುದರ ಜೊತೆಗೆ ಒತ್ತಡ ಇಳಿದ ಗಳಿಗೆಯಲ್ಲಿ ಹೊರಗಿನ ಗಾಳಿ ಒಳಕ್ಕೆ ಬರುತ್ತದೆ. ಸೆನ್ಸರ್ ಪ್ರಾಮಾಣಿಕವಾಗಿ ‘ಆಮ್ಲಜನಕ ಇದೆ’ ಎನ್ನುತ್ತದೆ. ಲಕ್ಷಣ ಎಲ್ಲವೂ ಹೀಗೆಯೇ ಇರುತ್ತದೆ. ಹಾಗಾಗಿ ಹುಡುಗನಿಗೆ ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಒತ್ತಿ ಹಿಡಿಯಲು ಹೇಳಿ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಮ್ಯಾನಿಫೋಲ್ಡ್ ಜೋಡಣೆಯಿಂದ ಸೆನ್ಸರಿನ ತನಕ ಸೋಪು ನೀರು ಬಳಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಪ್ಲಗ್ ತೆಗೆದು ನೋಡಿದೆ. ನಾಲ್ಕೂ ಒಂದೇ ಸಮ ಕಪ್ಪು, ಯಾವುದೂ ಮಿಸ್ಸಿಂಗ್ ಆಗಿದ್ದರ ಗುರುತಿಲ್ಲ. ಮಿಸ್ ಆದ ಸಿಲಿಂಡರಿನಿಂದಲೂ ಉರಿಯದ ಆಮ್ಲಜನಕ ಬಂದು ಸೆನ್ಸರನ್ನು ದಾರಿ ತಪ್ಪಿಸುತ್ತದೆ, ಅದಕ್ಕೇ ಈ ಪರೀಕ್ಷೆ.

ಸೆನ್ಸರಿನ ಕಪ್ಲರಿಗೆ ಬಂದೆ. ನಾಲ್ಕು ವೈರು: ಎರಡು ಹೀಟರಿನದು, ಒಂದು ಸಿಗ್ನಲ್, ಒಂದು ಅದರ ಅರ್ತ್. ಹೀಟರ್ ವೈರುಗಳು ಸಾಮಾನ್ಯವಾಗಿ ಒಂದೇ ಬಣ್ಣದಲ್ಲಿರುತ್ತವೆ, ಗುರುತಿಸುವುದು ಸುಲಭ. ತಣ್ಣಗಿರುವಾಗ ಅಳೆದರೆ 9 ಓಮ್ಸ್ ಬಂತು, ಸರಿಯಾಗಿದೆ. ಗಾಡಿಯ ಕಡೆಯ ಕಪ್ಲರಿನಲ್ಲಿ ಕರೆಂಟ್ ಬರುತ್ತಿದೆಯೇ ಎಂದು ಮೀಟರಿನಲ್ಲಿ ನೋಡಿ ಬಿಡದೆ ಟೆಸ್ಟ್ ಲ್ಯಾಂಪ್ ಹಾಕಿ ನೋಡಿದೆ. ಒಂದೆಳೆ ತಂತಿ ಉಳಿದಿದ್ದರೂ ಮೀಟರು 12 ವೋಲ್ಟ್ ತೋರಿಸಿಬಿಡುತ್ತದೆ, ಲ್ಯಾಂಪು ಮಾತ್ರ ಮಂಕಾಗುತ್ತದೆ. ಲ್ಯಾಂಪ್ ಪ್ರಕಾಶವಾಗಿ ಉರಿಯಿತು. ಒಂದು ಎಚ್ಚರಿಕೆ: ಓಮ್ಸ್ ಅಳೆಯುವುದು ಹೀಟರಿಗೆ ಮಾತ್ರ. ಸಿಗ್ನಲ್ ವೈರಿಗೆ ಓಮ್ಸ್ ಮೀಟರ್ ಹಿಡಿದರೆ ಮೀಟರಿನ ಬ್ಯಾಟರಿಯ ಕರೆಂಟು ಒಳಗಿನ ಪಿಂಗಾಣಿಗೆ ಹೋಗಿ ಸೆನ್ಸರೇ ಹಾಳಾಗಬಹುದು.

ಪಿಂಗಾಣಿ ಅಂದೆನಲ್ಲ, ಅದೇ ಈ ಸೆನ್ಸರಿನ ಜೀವ. ಬೆರಳುಗಾಪಿನ ಆಕಾರದ ಜಿರ್ಕೋನಿಯಾ ತುಂಡು, ಒಳಗೂ ಹೊರಗೂ ತೆಳ್ಳನೆಯ ಪ್ಲಾಟಿನಂ ಲೇಪ. ಹೊರಮೈ ಹೊಗೆಯಲ್ಲಿ, ಒಳಮೈ ಹೊರಗಿನ ಗಾಳಿಯಲ್ಲಿ. 300 ಡಿಗ್ರಿ ದಾಟಿ ಕಾದಾಗ ಎರಡು ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಹೊಗೆಯಲ್ಲಿ ಆಮ್ಲಜನಕವಿಲ್ಲದಿದ್ದರೆ 0.9 ವೋಲ್ಟಿನ ಹತ್ತಿರ, ಇದ್ದರೆ 0.1ರ ಹತ್ತಿರ, ನಡುವೆ 0.45ರಲ್ಲಿ ಹಾದುಹೋಗುತ್ತದೆ. ಬಾಷ್ ಕಂಪನಿ ರೂಪಿಸಿದ ಈ ಸೆನ್ಸರ್ 1976ರಲ್ಲಿ ಮೊದಲು ವೋಲ್ವೊ ಗಾಡಿಗಳಿಗೆ ಬಂತು. ಇವತ್ತಿಗೂ ತತ್ವ ಅದೇ. ಬಹಳಷ್ಟು ಸೆನ್ಸರ್‌ಗಳಲ್ಲಿ ಒಳಮೈಗೆ ಬೇಕಾದ ಗಾಳಿ ವೈರಿನ ಎಳೆಗಳ ಸಂದಿಯಿಂದಲೇ ಹೋಗುತ್ತದೆ. ಸೆನ್ಸರ್ ವೈರನ್ನು ಬೆಸುಗೆ ಹಾಕಬೇಡಿ, ಕಪ್ಲರಿಗೆ ಗ್ರೀಸ್ ತುಂಬಬೇಡಿ ಎನ್ನುವುದು ಅದಕ್ಕೇ.

ಆರೋಗ್ಯವಾಗಿರುವ ಸೆನ್ಸರ್ ಈ ಎರಡು ತುದಿಗಳ ನಡುವೆ ಜೋಕಾಲಿಯಂತೆ ತೂಗುತ್ತಿರಬೇಕು. ಪೆಟ್ರೋಲ್ ಜಾಸ್ತಿ ಎಂದರೆ ಇಸಿಯು ಕಡಿಮೆ ಮಾಡುತ್ತದೆ, ಕಡಿಮೆ ಎಂದರೆ ಜಾಸ್ತಿ ಮಾಡುತ್ತದೆ, ಹೀಗೆ ಸೆಕೆಂಡಿಗೊಮ್ಮೆಯಾದರೂ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಅಂಗೈಯಗಲದ ಸ್ಕೋಪ್ ಒಂದನ್ನು ನಾನು ಸಾಲ ಮಾಡಿ ತಗೊಂಡಿದ್ದೆ. ಅದನ್ನು ಸಿಗ್ನಲ್ ವೈರಿಗೆ ಹಿಂಬದಿಯಿಂದ ಚುಚ್ಚಿ, 2,500 ಆರ್‌ಪಿಎಂನಲ್ಲಿ ಮೂರು ನಿಮಿಷ ಹಿಡಿದೆ. ಪರದೆಯ ಮೇಲಿನ ಗೆರೆ ನೋಡಿದ ಕೂಡಲೇ ಕಥೆ ಗೊತ್ತಾಯಿತು. ಮೇಲಿಂದ ಕೆಳಗೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಕೆಳಗಿಂದ ಮೇಲೆ ಏರುವಾಗ ಮಾತ್ರ ಮಂಡಿನೋವಿನವರು ಮೆಟ್ಟಿಲು ಹತ್ತಿದ ಹಾಗೆ. ಇನ್‌ಟೇಕಿಗೆ ಕಾರ್ಬ್ ಕ್ಲೀನರ್ (ಪೆಟ್ರೋಲಿನಂತೆ ಉರಿಯುವ ಸ್ಪ್ರೇ) ಒಂದೇ ಒಂದು ಸಲ ಪುಸ್ ಎನಿಸಿ ಅಳೆದೆ. 0.3ರಿಂದ 0.6 ವೋಲ್ಟಿಗೆ ಏರಲು 450 ಮಿಲಿಸೆಕೆಂಡ್ ಬೇಕಾಯಿತು. 100ರೊಳಗೆ ಆಗಬೇಕಾದ ಕೆಲಸ ಅದು. ವ್ಯಾಕ್ಯೂಮ್ ಪೈಪ್ ಎಳೆದು ಗಾಳಿ ಬಿಟ್ಟಾಗ ಇಳಿದದ್ದು 90ರಲ್ಲಿ.

ಏರುವುದು ನಿಧಾನ, ಇಳಿಯುವುದು ಬೇಗ. ಹಾಗಾಗಿ ಸೆನ್ಸರಿನ ಸಮಯವೆಲ್ಲ ‘ಪೆಟ್ರೋಲ್ ಸಾಲದು’ ಎನ್ನುವ ಕಡೆಯೇ ಜಾಸ್ತಿ ಕಳೆಯುತ್ತದೆ, ಇಸಿಯು ಅದನ್ನು ನಂಬಿ ಸುರಿಯುತ್ತಾ ಹೋಗುತ್ತದೆ. ಪ್ಲಸ್ 15, ಮಸಿ, ಮೈಲೇಜು, ತೂಗಾಡುವ ಐಡ್ಲಿಂಗ್ ಎಲ್ಲಕ್ಕೂ ಇದೊಂದೇ ವಿವರಣೆ ಸಾಕು. ಕೊನೆಗೆ ಕಪ್ಲರ್ ಬಿಚ್ಚಿಟ್ಟು ಸ್ಟಾರ್ಟ್ ಮಾಡಿದೆ. ಐಡ್ಲಿಂಗ್ ಅಲುಗಾಡದೆ ನಿಂತಿತು. ಸೆನ್ಸರ್ ಕೆಟ್ಟಿದೆ, ಸಂಶಯವಿಲ್ಲ.

ಹೆಚ್ಚಿನ ಕಡೆ ಕೆಲಸ ಇಲ್ಲಿಗೆ ಮುಗಿಯುತ್ತದೆ. ಆಗಸ್ಟಿನಲ್ಲಿ ಮುಗಿದದ್ದೂ ಇಲ್ಲೇ ಇರಬೇಕು. ಆದರೆ ಲಕ್ಷ ಕಿಲೋಮೀಟರ್ ಬಾಳಬೇಕಾದ ವಸ್ತು ನಾಲ್ಕು ತಿಂಗಳಿಗೆ ಹೋಯಿತೆಂದರೆ ಅದನ್ನು ಯಾವುದೋ ಕೊಂದಿದೆ. ಅದು ಯಾವುದೆಂದು ತಿಳಿಯದೆ ಮೂರನೆಯದನ್ನು ಹಾಕಿಸಲು ಪಿಂಚಣಿಯಲ್ಲಿ ಬದುಕುವವರ ಹತ್ತಿರ ದುಡ್ಡು ಕೇಳಲು ನನಗೆ ಮನಸ್ಸಾಗಲಿಲ್ಲ.

22ರ ಸ್ಪ್ಯಾನರ್ ಹಾಕಿ ಸೆನ್ಸರ್ ಬಿಚ್ಚಿದೆ. ಡೂಪ್ಲಿಕೇಟ್ ಅಲ್ಲ, ಒರಿಜಿನಲ್ಲೇ. ಪೆಟ್ರೋಲ್ ಜಾಸ್ತಿ ಹೋದ ಎಂಜಿನ್ನಿನ ಸೆನ್ಸರ್ ಮಸಿಯಾಗಿರಬೇಕು. ಇದರಲ್ಲೂ ಮಸಿಯಿತ್ತು, ಆದರೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದಾಗ ಅದರ ಕೆಳಗೆ ಬಿಳಿ ಬಂತು. ತುದಿಯ ರಂಧ್ರಗಳ ಸುತ್ತ, ವಿಭೂತಿ ಹಚ್ಚಿದ ಹಾಗೆ. ಉಗುರಿನಲ್ಲಿ ಕೆರೆದರೆ ಹುಡಿಯಾಗಿ ಉದುರಲಿಲ್ಲ, ಸಣ್ಣ ಮರಳಿನ ಹಾಗೆ ಗರಗರ ಅಂದಿತು.

ಬಿಳಿ ಬಂದರೆ ಎರಡು ಅನುಮಾನ. ಒಂದು ಕೂಲೆಂಟ್: ಹೆಡ್ ಪ್ಯಾಕಿಂಗ್ ಹೋಗಿ ಕೂಲೆಂಟ್ ಉರಿದರೆ ಅದರಲ್ಲಿನ ಸಿಲಿಕೇಟ್, ಫಾಸ್ಫೇಟ್ ಹೀಗೆ ಕೂರುತ್ತವೆ. ರೇಡಿಯೇಟರ್ ನೋಡಿದೆ, ಮಟ್ಟ ಸರಿಯಿದೆ, ಗುಳ್ಳೆಯಿಲ್ಲ. ಆಯಿಲ್ ಮುಚ್ಚಳದ ಕೆಳಗೆ ಹಾಲಿನ ಬಣ್ಣವಿಲ್ಲ. ವರ್ಷದಿಂದ ಕೂಲೆಂಟ್ ತುಂಬಿಸಿದ್ದೇ ಇಲ್ಲವೆಂದು ಡೈರಿಯೂ ಹೇಳಿತು. ಇನ್ನೊಂದು ಸಿಲಿಕಾನ್. ಆಗಲೇ ನನಗೆ ಸೆಪ್ಟೆಂಬರ್ 21ರ ಸಾಲು ನೆನಪಾದದ್ದು. ‘ಕವರ್‌ಗೆ ಗಮ್.’

ಟ್ಯಾಪೆಟ್ ಕವರ್ ಬಿಚ್ಚಿದೆ. ರಬ್ಬರ್ ಪ್ಯಾಕಿಂಗ್ ಹಳೆಯದೇ, ಬಿರುಸಾಗಿ ಬಳೆಯ ಚೂರಿನ ಹಾಗಾಗಿತ್ತು. ಅದರ ಮೇಲೆ ಸುತ್ತಲೂ ಪಾರದರ್ಶಕ ಸಿಲಿಕಾನ್, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಂಕಿಗೆ, ಕಿಟಕಿ ಗಾಜಿಗೆ ಅಂತ ಮಾರುವ ಜಾತಿಯದು. ಹೊರಗೆ ಕಂಡದ್ದಕ್ಕಿಂತ ಒಳಗೆ ಒತ್ತಿಕೊಂಡು ಬಂದದ್ದೇ ಜಾಸ್ತಿ: ಕ್ಯಾಮ್ ಶಾಫ್ಟಿನ ಪಕ್ಕ ಶಾವಿಗೆಯಂಥ ಎಳೆಗಳು ಜೋತಾಡುತ್ತಿದ್ದವು. ಮೇಷ್ಟ್ರನ್ನು ಕೇಳಿದೆ, ‘ಹಚ್ಚಿದ ದಿನ ವಾಸನೆ ಏನಾದ್ರೂ ಬಂತಾ ಸರ್?’ ಅವರು ಒಂದು ಗಳಿಗೆ ಯೋಚಿಸಿ, ‘ಹೌದಪ್ಪಾ, ಮನೆಗೆ ಹೋಗೋ ತನಕ ಉಪ್ಪಿನಕಾಯಿ ಭರಣಿ ತೆಗೆದ ಹಾಗೆ ಹುಳಿ ಹುಳಿ’ ಅಂದರು.

ಆ ಹುಳಿ ವಾಸನೆಯೇ ಉತ್ತರ. ಈ ಜಾತಿಯ ಸಿಲಿಕಾನ್ ಒಣಗುವಾಗ ವಿನೆಗರಿನ ಆಮ್ಲ ಬಿಡುತ್ತದೆ, ಜೊತೆಗೆ ಸಿಲಿಕಾನ್ ಇರುವ ಆವಿಯನ್ನೂ ಬಿಡುತ್ತದೆ. ಟ್ಯಾಪೆಟ್ ಕವರಿನಿಂದ ಪಿಸಿವಿ ಪೈಪ್ ನೇರವಾಗಿ ಇನ್‌ಟೇಕಿಗೆ ಹೋಗುತ್ತದೆ. ಎಂಜಿನ್ ಒಳಗಿನ ಆವಿ ಹೊರಗೆ ಹೋಗಿ ಗಾಳಿ ಕೆಡದಿರಲಿ, ಅದನ್ನೂ ಉರಿಸಿಬಿಡೋಣ ಎಂದು ಮಾಡಿದ ವ್ಯವಸ್ಥೆ. ಆ ದಾರಿಯಲ್ಲಿ ಹೋದ ಸಿಲಿಕಾನ್ ಆವಿ ಉರಿದರೆ ಸಿಲಿಕಾ ಆಗುತ್ತದೆ. ಸಿಲಿಕಾ ಅಂದರೆ ಮರಳು. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಮರಳು ಸೆನ್ಸರಿನ ಮೈಮೇಲಿನ ಸೂಕ್ಷ್ಮ ರಂಧ್ರಗಳಲ್ಲಿ ಕೂತು ಗಾಜಿನಂತೆ ಗಟ್ಟಿಯಾಗುತ್ತದೆ. ಹೊಗೆ ಪಿಂಗಾಣಿಯನ್ನು ಮುಟ್ಟಬೇಕಾದರೆ ಆ ಪದರ ದಾಟಬೇಕು. ತೊಳೆದರೆ ಹೋಗುವುದಿಲ್ಲ, ಸುಟ್ಟರೂ ಹೋಗುವುದಿಲ್ಲ.

ಮೇಷ್ಟ್ರು ಡೈರಿ ಬಿಚ್ಚಿ ಬೆರಳಿಟ್ಟರು. ಜೂನ್ 8, ಕವರ್. ಆಗಲೂ ಗಮ್ ಹಚ್ಚಿರಬೇಕು. ಜುಲೈಗೆ ಮೊದಲ ಸೆನ್ಸರ್ ಹೋಯಿತು. ಸೆಪ್ಟೆಂಬರ್ 21, ಗಮ್. ನವೆಂಬರಿಗೆ ಎರಡನೆಯದು. ಎರಡು ಸಲವೂ ಒಂದೆರಡು ತಿಂಗಳ ಅಂತರ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದ ಕಾರಣವನ್ನು ನಾನು ಬೆಳಗ್ಗೆಯೇ ಕಾಣಬೇಕಿತ್ತು. ಆಯಿಲ್ ಲೀಕು, ಸೆನ್ಸರು ಎರಡೂ ಬೇರೆ ಬೇರೆ ಕೆಲಸ ಎಂದು ತಲೆಯಲ್ಲಿ ಖಾನೆ ಮಾಡಿಕೊಂಡಿದ್ದರಿಂದ ಕಾಣಲಿಲ್ಲ.

ಆ ಗಮ್ ಹಚ್ಚಿದವರ ಮೇಲೆ ನನಗೆ ಸಿಟ್ಟಿಲ್ಲ. ಲೀಕ್ ನಿಲ್ಲಿಸಬೇಕಿತ್ತು, ನಿಲ್ಲಿಸಿದರು. ಕಾರ್ಬ್ಯುರೇಟರ್ ಗಾಡಿಗಳ ಕಾಲದಲ್ಲಿ ಯಾವ ಟ್ಯೂಬ್ ಹಚ್ಚಿದರೂ ನಡೆಯುತ್ತಿತ್ತು, ಕೈ ಅದಕ್ಕೇ ಪಳಗಿದೆ. ಆದರೆ ಟ್ಯೂಬಿನ ಮೇಲೆ ‘ಸೆನ್ಸರ್ ಸೇಫ್’ ಎಂದು ಬರೆದಿದೆಯೇ ಎಂದು ನೋಡಲು ಎರಡು ಸೆಕೆಂಡ್ ಸಾಕು, ಅಂಥ ಟ್ಯೂಬ್ ಎಲ್ಲ ಸ್ಪೇರ್ಸ್ ಅಂಗಡಿಯಲ್ಲೂ ಸಿಗುತ್ತದೆ. ಏರ್ ಫಿಲ್ಟರ್ ಹತ್ತಿರ ಸಿಲಿಕಾನ್ ಪಾಲಿಶ್ ಸ್ಪ್ರೇ ಹೊಡೆಯುವುದೂ ಇದೇ ಕೆಲಸ ಮಾಡುತ್ತದೆ. ಗಾಡಿ ತೊಳೆಯುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ರಿಪೇರಿ ಹೇಳುವುದಕ್ಕೆ ಹೆಚ್ಚೇನಿಲ್ಲ, ತಾಳ್ಮೆಯ ಕೆಲಸ. ಸಿಲಿಕಾನನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಎಳೆ ಎಳೆಯಾಗಿ ಆರಿಸಿ ತೆಗೆಯಲು ಎರಡು ಗಂಟೆ ಹಿಡಿಯಿತು. ಪಿಸಿವಿ ವಾಲ್ವ್ ಮತ್ತು ಪೈಪ್ ತೊಳೆದೆ. ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂತಿದ್ದರೆ ಎಂಬ ಭಯಕ್ಕೆ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ ನೋಡಿದೆ, ಎರಡು ಚೂರು ಸಿಕ್ಕವು. ಹೊಸ ಪ್ಯಾಕಿಂಗ್, ಹೊಸ ಆಯಿಲ್, ಹೊಸ ಫಿಲ್ಟರ್, ಹೊಸ ಪ್ಲಗ್. ಕೊನೆಗೆ ಹೊಸ ಸೆನ್ಸರ್. ಅದರ ತಿರುಪಿನ ಸುತ್ತುಗಳಿಗೆ ಮಾತ್ರ ಆಂಟಿ-ಸೀಜ್ (ತಿರುಪು ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್), ತುದಿಗೆ ಒಂದು ಹನಿಯೂ ತಾಗದಂತೆ. ಬಿಗಿ 45 ನ್ಯೂಟನ್ ಮೀಟರ್. ಹಳೆಯ ಟ್ರಿಮ್ ಅಳಿಸಿ, ಆಲೂರಿನ ತನಕ ಓಡಿಸಿಕೊಂಡು ಬಂದೆ.

ಸ್ಕೋಪಿನಲ್ಲಿ ಏರಿಕೆ 60 ಮಿಲಿಸೆಕೆಂಡ್. ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 4ಕ್ಕೆ ಬಂದು ನಿಂತಿತು. ಅದರಲ್ಲಿ ಇ-20ರ ಪಾಲೂ ಇದೆ ಎಂದು ಮೇಷ್ಟ್ರಿಗೆ ಹೇಳಿದೆ. ಎಮಿಷನ್ ಸೆಂಟರಿನಲ್ಲಿ ಕಾರ್ಬನ್ ಮೊನಾಕ್ಸೈಡ್ 0.09, ಲ್ಯಾಂಬ್ಡಾ 1.00. ನನಗೆ ಉಳಿದಿದ್ದ ಆತಂಕ ಕ್ಯಾಟಲಿಟಿಕ್ ಕನ್ವರ್ಟರಿನದು, ಯಾಕೆಂದರೆ ಅದೇ ಮರಳು ಅದರ ಮೇಲೂ ಕೂರುತ್ತದೆ, ಅದರ ಬೆಲೆ ಸೆನ್ಸರಿನ ಹಲವು ಪಟ್ಟು. ಹಿಂದಿನ ಸೆನ್ಸರಿನ ಗೆರೆ 0.65ರ ಸುತ್ತ ಸಮಾಧಾನವಾಗಿ ನಿಂತಿದ್ದನ್ನು ನೋಡಿ ನಿಟ್ಟುಸಿರು ಬಿಟ್ಟೆ. ಆದರೂ ಆರು ತಿಂಗಳಿಗೊಮ್ಮೆ ಅದನ್ನು ನೋಡಿಸಬೇಕೆಂದು ಬರೆದುಕೊಟ್ಟಿದ್ದೇನೆ.

ಮಾರ್ಚ್ ಕೊನೆಗೆ ಮೇಷ್ಟ್ರು ಆಯಿಲ್ ಮಟ್ಟ ತೋರಿಸಲು ಬಂದಿದ್ದರು. ಡೈರಿಯಲ್ಲಿ ಜನವರಿ 16.7, ಫೆಬ್ರವರಿ 16.9, ಮಾರ್ಚ್ 16.8. ಕವರಿನ ಸುತ್ತ ಬೆರಳಾಡಿಸಿದೆ, ಒಣಗಿತ್ತು. ಡೈರಿಯ ಮೊದಲ ಪುಟದಲ್ಲಿ, ಗಾಡಿ ನಂಬರಿನ ಕೆಳಗೆ ಕೆಂಪು ಶಾಯಿಯಲ್ಲಿ ಹೊಸ ಸಾಲೊಂದಿತ್ತು: ‘ಟ್ಯಾಪೆಟ್ ಕವರ್ ಬಿಚ್ಚಿದರೆ ಪ್ಯಾಕಿಂಗ್ ಹೊಸದೇ ಹಾಕಿಸುವುದು. ಗಮ್ ಬೇಡ.’ ಈ ಎಂಜಿನ್ನಿನಲ್ಲಿ ಟೈಮಿಂಗ್ ಕವರ್ ಕೂಡುವ ಎರಡು ಮೂಲೆಗಳಿಗೆ ಒಂದೊಂದು ಹನಿ ಹಚ್ಚಲೇಬೇಕಾಗುತ್ತದೆ ಎಂದೆ. ಮೇಷ್ಟ್ರು ಪೆನ್ನು ತೆಗೆದು ಬಾನೆಟ್ಟಿನ ಮೇಲೆ ಡೈರಿ ಇಟ್ಟು, ‘ಗಮ್ ಬೇಡ’ ಎನ್ನುವುದನ್ನು ಹೊಡೆದುಹಾಕಿ, ‘ಮೂಲೆಗೆ ಮಾತ್ರ, ಸೆನ್ಸರ್ ಸೇಫ್ ಟ್ಯೂಬ್’ ಎಂದು ತಿದ್ದಿದರು.